ಬೂಟ್‌ಲೋಡರ್ ಆರಿಸುವ ಮುನ್ನ: ದೊಡ್ಡಪ್ಪನ ಕಿವಿಮಾತು

ಪುಟ್ಟೀ, ಹೊಸ ಲ್ಯಾಪ್‌ಟಾಪಿನ ಫೋಟೋ ನೋಡಿದೆ, ಸಂತೋಷವಾಯಿತು. ಅದರ ಬೆನ್ನಿಗೇ ಪ್ರಶ್ನೆ ಬೇರೆ: "ದೊಡ್ಡಪ್ಪಾ, ವಿಂಡೋಸ್ ಜೊತೆ ಉಬುಂಟೂನೂ ಹಾಕ್ಕೋಬೇಕು. ಯಾವ ಬೂಟ್‌ಲೋಡರ್ ಒಳ್ಳೇದು? ಹಾಸ್ಟೆಲ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ." ಫೋನಿನಲ್ಲಿ ಹೇಳಲು ಹೊರಟರೆ ಅರ್ಧ ನಿನ್ನ ಕಿವಿಗೆ ಬೀಳುತ್ತದೆ, ಇನ್ನರ್ಧ ನೆಟ್‌ವರ್ಕ್ ನುಂಗುತ್ತದೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಮಕ್ಕಳು ಕೆಡಿಸಿದ ಮಷೀನುಗಳನ್ನು ಎಬ್ಬಿಸುತ್ತಲೇ ನೌಕರಿ ಮುಗಿಸಿದವನು ನಾನು. ಇದರಲ್ಲಿ ಪುಸ್ತಕದ ಕ್ರಮವಿಲ್ಲ, ನೆನಪು ಬಂದ ಹಾಗೆ ಬರೆದಿದ್ದೇನೆ.

• ಎರಡು ಓಎಸ್ ನಿಜವಾಗಿ ಬೇಕಾ ಅಂತ ಮೊದಲು ಕೇಳಿಕೋ. ಸಿ ಪ್ರೋಗ್ರಾಮು, ಪೈಥಾನು, ನಾಲ್ಕು ಶೆಲ್ ಕಮಾಂಡು, ಇಷ್ಟಕ್ಕೇ ಆದರೆ ವಿಂಡೋಸ್ ಒಳಗೇ ಓಡುವ ಡಬ್ಲ್ಯೂಎಸ್‌ಎಲ್ ಸಾಕು. ಅದಕ್ಕೆ ಪಾರ್ಟಿಷನ್ ಕುಯ್ಯುವ ಕೆಲಸವಿಲ್ಲ, ಬೂಟ್‌ಲೋಡರಿನ ಚಿಂತೆಯೂ ಇಲ್ಲ. ಲಿನಕ್ಸ್‌ನಲ್ಲೇ ದಿನ ಕಳೆಯಬೇಕು, ಹಾರ್ಡ್‌ವೇರ್ ಮುಟ್ಟಿ ಕಲಿಯಬೇಕು ಅನ್ನುವ ಆಸೆ ಇದ್ದರೆ ಮಾತ್ರ ಮುಂದೆ ಓದು.

• ಆಸೆ ಇದೆ ಅಂತ ನನಗೆ ಗೊತ್ತು. ಹಾಗಾದರೆ ಮಷೀನು ಬಯಾಸ್ ಕಾಲದ್ದೋ ಯುಇಎಫ್‌ಐ ಕಾಲದ್ದೋ ನೋಡು. ವಿಂಡೋಸ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆರೆದರೆ "ಬಯಾಸ್ ಮೋಡ್" ಅಂತ ಒಂದು ಸಾಲು ಇರುತ್ತದೆ. ಅದರ ಎದುರು ಲೆಗಸಿ ಅಥವಾ ಯುಇಎಫ್‌ಐ ಅಂತ ಬರೆದಿರುತ್ತದೆ. ಬೂಟ್‌ಲೋಡರ್ ಆಯ್ಕೆಯ ಮುಕ್ಕಾಲು ಪಾಲು ಈ ಒಂದು ಸಾಲಿನಲ್ಲೇ ತೀರ್ಮಾನವಾಗುತ್ತದೆ.

ಹಳೆಯ ಬಯಾಸ್ ಮಷೀನಿನಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳೇ ಎಲ್ಲ. ಅದರಲ್ಲಿ 64 ಬೈಟ್ ಪಾರ್ಟಿಷನ್ ಪಟ್ಟಿಗೆ, 2 ಬೈಟ್ ಗುರುತಿನ ಮೊಹರಿಗೆ ಹೋಗಿ, ಬೂಟ್‌ಲೋಡರಿಗೆ ಉಳಿಯುವುದು 446 ಬೈಟ್. ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಅಂದರೆ 148 ಸಂಕೇತ, ಅದೂ ಒತ್ತು, ಕಾಗುಣಿತ ಎಲ್ಲ ಲೆಕ್ಕಕ್ಕೆ ಸೇರಿಸಿ. ಒಂದು ಗೃಹಪ್ರವೇಶದ ಕರೆಯೋಲೆಯೂ ಹಿಡಿಸದ ಆ ಜಾಗಕ್ಕೆ ಎರಡು ಓಎಸ್‌ಗಳು ಕಿತ್ತಾಡುತ್ತಿದ್ದವು, ಒಂದೇ ಗೂಟಕ್ಕೆ ಎರಡು ಹೋರಿ ಕಟ್ಟಿದ ಹಾಗೆ. ವಿಂಡೋಸ್ ಹಾಕಿದರೆ ಲಿನಕ್ಸ್ ಮಾಯವಾಗುತ್ತಿತ್ತು. ಅದಕ್ಕೇ "ಮೊದಲು ವಿಂಡೋಸ್, ಆಮೇಲೆ ಲಿನಕ್ಸ್" ಅನ್ನುವ ಮಾತು ಹುಟ್ಟಿದ್ದು.

ಯುಇಎಫ್‌ಐನಲ್ಲಿ ಆ ಜಗಳ ಇಲ್ಲ. ಡಿಸ್ಕಿನಲ್ಲಿ ಇಎಸ್‌ಪಿ ಎಂಬ ಸಣ್ಣ ಫ್ಯಾಟ್ ಪಾರ್ಟಿಷನ್ ಇರುತ್ತದೆ. ಅದರೊಳಗೆ ಮೈಕ್ರೋಸಾಫ್ಟ್‌ಗೆ ಒಂದು ಫೋಲ್ಡರು, ಉಬುಂಟುಗೆ ಒಂದು, ಫೆಡೋರಾಗೆ ಒಂದು. ಯಾರನ್ನು ಮೊದಲು ಕರೆಯಬೇಕು ಅನ್ನುವ ಸರದಿ ಪಟ್ಟಿ ಮದರ್‌ಬೋರ್ಡಿನ ನೆನಪಿನಲ್ಲಿ ಕೂತಿರುತ್ತದೆ. "ಲಿನಕ್ಸ್ ಹೋಯ್ತು" ಅಂತ ಈಗ ಅಳುತ್ತಾ ಬರುವವರಲ್ಲಿ ಬಹಳಷ್ಟು ಜನರದ್ದು ಏನೂ ಹೋಗಿರುವುದಿಲ್ಲ, ಸರದಿ ಮಾತ್ರ ಹಿಂದುಮುಂದಾಗಿರುತ್ತದೆ. ಮಷೀನು ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ ನೋಡು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸೂಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಪಟ್ಟಿಯಲ್ಲಿ ಉಬುಂಟು ಕಂಡರೆ ಉಸಿರು ಬಿಡು.

• ಬೂಟ್ ಮ್ಯಾನೇಜರ್ ಬೇರೆ, ಬೂಟ್‌ಲೋಡರ್ ಬೇರೆ. ಬಸ್ ಸ್ಟ್ಯಾಂಡಿನ ಕಂಟ್ರೋಲರು "ಹಾಸನದ ಗಾಡಿ ಮೂರನೇ ಪ್ಲಾಟ್‌ಫಾರ್ಮು" ಅನ್ನುತ್ತಾನೆ, ಗಾಡಿ ಓಡಿಸುವುದಿಲ್ಲ. ಓಡಿಸುವವನು ಡ್ರೈವರು. ರೆಫೈಂಡ್ ಬರೀ ಕಂಟ್ರೋಲರು. ಗ್ರಬ್ ಎರಡೂ ಕೆಲಸ ಮಾಡುತ್ತದೆ. ಹಾಸ್ಟೆಲ್ ವಾದಗಳಲ್ಲಿ ಅರ್ಧ ಹುಟ್ಟುವುದು ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದ.

• ಚೆಂದ ನೋಡಿ ಆರಿಸಬೇಡ. ರಾತ್ರಿ ಹನ್ನೊಂದಕ್ಕೆ, ಬೆಳಿಗ್ಗೆ ರೆಕಾರ್ಡ್ ಸಬ್‌ಮಿಷನ್ ಇರುವಾಗ, ಒಂದು ಪೆನ್‌ಡ್ರೈವ್ ಇಟ್ಟುಕೊಂಡು ಯಾವುದನ್ನು ನೀನೇ ರಿಪೇರಿ ಮಾಡಬಲ್ಲೆಯೋ ಅದನ್ನು ಆರಿಸು. ನನಗೆ ಈ ಬುದ್ಧಿ ಬಂದದ್ದು ಲಿಲೊ ಕಾಲದಲ್ಲಿ.

ಲಿಲೊ ಅಂದರೆ ಲಿನಕ್ಸ್ ಲೋಡರ್, 1992ರಲ್ಲಿ ವರ್ನರ್ ಆಲ್ಮೆಸ್‌ಬರ್ಗರ್ ಶುರು ಮಾಡಿದ್ದು. ಪಾಪ, ಬಹಳ ಸರಳ ಜೀವ. ಅದಕ್ಕೆ ಫೈಲ್ ಸಿಸ್ಟಮ್ ಓದಲು ಬರುತ್ತಿರಲಿಲ್ಲ. ಕರ್ನಲ್ ಡಿಸ್ಕಿನ ಎಷ್ಟನೇ ಬ್ಲಾಕಿನಲ್ಲಿದೆ ಅಂತ ನಂಬರು ಬರೆದಿಟ್ಟುಕೊಂಡು, ಕಣ್ಣುಮುಚ್ಚಿ ಅಲ್ಲಿಗೆ ಹೋಗುತ್ತಿತ್ತು. ನಾನು ಒಂದು ಮಷೀನು ಚೆನ್ನಾಗಿ ಸಿದ್ಧಪಡಿಸಿ, ಆ ಹಾರ್ಡ್‌ಡಿಸ್ಕನ್ನೇ ಉಳಿದವುಗಳಿಗೆ ನಕಲು ಹೊಡೆದೆ. ಶಾಣ್ಯಾತನ! ಮರುದಿನ ಪ್ರಾಕ್ಟಿಕಲ್ ಪರೀಕ್ಷೆ. ಅದೇ ಮಾದರಿಯ ಡಿಸ್ಕ್ ಇದ್ದವು ಎದ್ದವು. ಬೇರೆ ಡಿಸ್ಕ್ ಇದ್ದ ಆರು ಮಷೀನುಗಳಲ್ಲಿ ಕಪ್ಪು ಪರದೆ, ಎಡಮೂಲೆಯಲ್ಲಿ "ಎಲ್ ಐ" ಅಂತ ಎರಡೇ ಅಕ್ಷರ. ಲಿಲೊ ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು ಒಂದೊಂದು ಹಂತ ದಾಟಿದಾಗ ಒಂದೊಂದಾಗಿ ಮೂಡಿಸುತ್ತಿತ್ತು. ಎರಡಕ್ಕೇ ನಿಂತಿತು ಅಂದರೆ ಎರಡನೇ ಹಂತದ ತುಣುಕನ್ನು ಎತ್ತಿಕೊಂಡಿದೆ, ಓಡಿಸಲು ಆಗಿಲ್ಲ ಅಂತ. ಡಿಸ್ಕಿನ ಲೆಕ್ಕ ಬೇರೆ, ಬರೆದಿಟ್ಟ ನಂಬರು ಬೇರೆ. ಹೊರಗಿನಿಂದ ಬಂದ ಪರೀಕ್ಷಕರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಫ್ಲಾಪಿಯಿಂದ ಒಂದೊಂದನ್ನೇ ಎಬ್ಬಿಸಿ, ಲಿಲೊವನ್ನು ಮತ್ತೆ ಬರೆಸಿದೆ. ಎರಡು ಮಷೀನು ಕಡೆಗೂ ಏಳಲಿಲ್ಲ. ಆ ಹುಡುಗರಿಗೆ ಮಧ್ಯಾಹ್ನ ಪರೀಕ್ಷೆ.

ಲಿಲೊ ಅಭಿವೃದ್ಧಿ 2015ರ ಕೊನೆಗೆ ನಿಂತಿತು. ಈಗ ಯಾರಾದರೂ ಅದನ್ನು ಹೊಗಳಿದರೆ ಕೇಳಿ ನಕ್ಕು ಬಿಡು.

• ನಿನಗೆ ನನ್ನ ಉತ್ತರ ಗ್ರಬ್. ಬೇಸರ ಬೇಡ, ಎಲ್ಲರೂ ಹಾಕುವುದು ಅದನ್ನೇ ಅನ್ನುವುದೇ ಅದರ ದೊಡ್ಡ ಗುಣ. 1995ರಲ್ಲಿ ಎರಿಕ್ ಬೋಲಿನ್ ಗ್ನೂ ಹರ್ಡ್ ಎಂಬ ಓಎಸ್ ಎಬ್ಬಿಸಲು ಬರೆದದ್ದು ಬೆಳೆದು ಬೆಳೆದು ಲಿನಕ್ಸ್‌ನ ಮನೆಮಾತಾಯಿತು. ಉಬುಂಟು 2009ರ ಅಕ್ಟೋಬರಿನ 9.10 ಆವೃತ್ತಿಯಿಂದ ಗ್ರಬ್ 2ಕ್ಕೆ ಬಂತು. ಅದಕ್ಕೆ ಫೈಲ್ ಸಿಸ್ಟಮ್ ಓದಲು ಬರುತ್ತದೆ, ಬಯಾಸ್ ಯುಇಎಫ್‌ಐ ಎರಡರಲ್ಲೂ ಓಡುತ್ತದೆ, ಉಬುಂಟು ಇನ್‌ಸ್ಟಾಲ್ ಮಾಡಿದರೆ ತಾನಾಗಿ ಬರುತ್ತದೆ, ಅಪ್‌ಡೇಟೂ ತಾನಾಗಿ ಆಗುತ್ತದೆ. ಕೈಕೊಟ್ಟಾಗ ಹೇಳಿಕೊಡುವವರು ಯಾವ ಹಾಸ್ಟೆಲ್‌ನಲ್ಲೂ ಸಿಗುತ್ತಾರೆ.

ಆದರೆ ಮೂರು ಕಿರಿಕಿರಿ ಇವೆ. ಒಂದು, 2021ರ 2.06 ಆವೃತ್ತಿಯಿಂದ ಈಚೆಗೆ ಭದ್ರತೆಯ ಕಾರಣ ಕೊಟ್ಟು, ಪಕ್ಕದ ಓಎಸ್‌ಗಳನ್ನು ಹುಡುಕುವ ಓಎಸ್ ಪ್ರೋಬರನ್ನು ಆಫ್ ಮಾಡಿಟ್ಟಿದ್ದಾರೆ. ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಎದೆ ಬಡಿದುಕೊಳ್ಳಬೇಡ. ಇಟಿಸಿ ಫೋಲ್ಡರಿನಲ್ಲಿ ಡಿಫಾಲ್ಟ್, ಅದರೊಳಗೆ ಗ್ರಬ್ ಎಂಬ ಫೈಲು. ಅಲ್ಲಿ "ಡಿಸೇಬಲ್ ಓಎಸ್ ಪ್ರೋಬರ್" ಎಂಬ ಸಾಲಿಗೆ ಫಾಲ್ಸ್ ಅಂತ ಕೊಟ್ಟು, ಅಪ್‌ಡೇಟ್-ಗ್ರಬ್ ಓಡಿಸು.

ಎರಡನೆಯದು ಯಾರೂ ಹೇಳುವುದಿಲ್ಲ. ವಿಂಡೋಸ್ ಅಪ್‌ಡೇಟ್ ಆಗುವಾಗ ಮಷೀನು ಎರಡು ಮೂರು ಸಲ ತಾನೇ ರೀಸ್ಟಾರ್ಟ್ ಆಗುತ್ತದೆ. ನೀನು ಊಟಕ್ಕೆ ಹೋಗಿರುತ್ತೀಯ. ಗ್ರಬ್ ಹತ್ತು ಸೆಕೆಂಡು ಕಾದು ಉಬುಂಟುವಿಗೆ ಹೋಗಿ ಕೂತಿರುತ್ತದೆ, ಅತ್ತ ವಿಂಡೋಸ್ ಅಪ್‌ಡೇಟ್ ನಡುದಾರಿಯಲ್ಲಿ ನಿಂತಿರುತ್ತದೆ. ಅದೇ ಫೈಲಿನಲ್ಲಿ ಗ್ರಬ್ ಡಿಫಾಲ್ಟ್ ಎದುರು ಸೇವ್ಡ್ ಅಂತಲೂ, ಸೇವ್‌ಡಿಫಾಲ್ಟ್ ಎದುರು ಟ್ರೂ ಅಂತಲೂ ಬರೆ. ಕಳೆದ ಸಲ ಯಾವುದನ್ನು ಆರಿಸಿದೆಯೋ ಅದಕ್ಕೇ ಮತ್ತೆ ಹೋಗುತ್ತದೆ.

ಮೂರನೆಯದು, ಅದರ ಕಾನ್ಫಿಗ್ ಫೈಲು ಶನಿಮಹಾತ್ಮೆಯ ಹಾಗೆ ಉದ್ದ. ಬೂಟ್ ಫೋಲ್ಡರಿನ ಒಳಗಿರುವುದನ್ನು ಕೈಯಿಂದ ತಿದ್ದಬೇಡ, ಮುಂದಿನ ಕರ್ನಲ್ ಅಪ್‌ಡೇಟು ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯುತ್ತದೆ.

• ಮೂರು ನಾಲ್ಕು ಓಎಸ್ ಇಟ್ಟುಕೊಂಡು ವಾರಕ್ಕೊಂದು ಹಾಕಿ ತೆಗೆಯುವ ಚಪಲ ಇದ್ದರೆ ರೆಫೈಂಡ್ ನೋಡು. ರಾಡ್ರಿಕ್ ಸ್ಮಿತ್ 2012ರಲ್ಲಿ ರೆಫಿಟ್ ಎಂಬ ಹಳೆಯ ಪ್ರಾಜೆಕ್ಟಿನಿಂದ ಕವಲೊಡೆಸಿದ್ದು. ಪ್ರತಿ ಸಲ ಆನ್ ಆದಾಗಲೂ ಡಿಸ್ಕು ಹುಡುಕಿ, ಸಿಕ್ಕಿದ ಓಎಸ್‌ಗಳನ್ನು ಐಕಾನ್ ಸಮೇತ ಸಾಲಾಗಿ ನಿಲ್ಲಿಸುತ್ತದೆ. ಪಟ್ಟಿ ಬರೆಸುವ, ಅಪ್‌ಡೇಟ್ ಮಾಡಿಸುವ ರಗಳೆ ಇಲ್ಲ. ಪೆನ್‌ಡ್ರೈವ್ ಚುಚ್ಚಿದ್ದರೆ ಅದೂ ಕಾಣುತ್ತದೆ. ನೋಡಲೂ ಚೆಂದ, ನನ್ನ ಡೆಸ್ಕ್‌ಟಾಪಿನಲ್ಲಿರುವುದು ಅದೇ. ಎರಡು ಎಚ್ಚರಿಕೆ: ಯುಇಎಫ್‌ಐ ಮಷೀನಿಗೆ ಮಾತ್ರ ಅಂದುಕೋ, ಮತ್ತು ಸೆಕ್ಯೂರ್ ಬೂಟ್ (ಸಹಿಯಾದದ್ದನ್ನು ಮಾತ್ರ ಏಳಲು ಬಿಡುವ ಕಾವಲು) ಆನ್ ಇಟ್ಟುಕೊಂಡು ಇದನ್ನು ಓಡಿಸಲು ಕೀ ಸೇರಿಸುವ ಒಂದಷ್ಟು ಕಸರತ್ತು ಬೇಕು. ಗ್ರಬ್ ತೆಗೆಯದೆ ಅದರ ಮೇಲೆ ರೆಫೈಂಡ್ ಇಡು. ಇದು ಕೆಟ್ಟರೆ ಅದು ಇರುತ್ತದೆ.

• ಸಿಸ್ಟಮ್‌ಡಿ-ಬೂಟ್ ಅಂತ ನಿನ್ನ ಸೀನಿಯರ್ ಹೇಳಿದ್ದು ತಪ್ಪಲ್ಲ. ಮೊದಲು ಗಮ್ಮಿಬೂಟ್ ಅಂತಿದ್ದದ್ದು 2015ರಲ್ಲಿ ಸಿಸ್ಟಮ್‌ಡಿಗೆ ಸೇರಿತು. ಚಿಕ್ಕದು, ಚುರುಕು, ಕಾನ್ಫಿಗ್ ನಾಲ್ಕೇ ಸಾಲು. ಪಾಪ್ ಓಎಸ್‌ನವರು ಅದನ್ನೇ ಬಳಸುತ್ತಾರೆ. ಆದರೆ ಅದು ಕರ್ನಲನ್ನು ಇಎಸ್‌ಪಿಯಲ್ಲೋ, ಅದರ ಜೊತೆಗೆ ಮಾಡಿಕೊಂಡ ಇನ್ನೊಂದು ಬೂಟ್ ಪಾರ್ಟಿಷನ್ನಿನಲ್ಲೋ ಮಾತ್ರ ಹುಡುಕುತ್ತದೆ. ವಿಂಡೋಸ್ ಮಾಡಿಟ್ಟ ಇಎಸ್‌ಪಿ ಸಾಮಾನ್ಯವಾಗಿ 100 ಎಂಬಿ. ಕರ್ನಲು, ಇನಿಟ್‌ರ್ಯಾಮ್‌ಎಫ್‌ಎಸ್ ಜೊತೆಗೆ ಇಳಿದರೆ ಎರಡನೇ ಅಪ್‌ಡೇಟಿಗೇ ಜಾಗ ಖಾಲಿ. ಗ್ರಬ್ ಆದರೆ ಇಎಸ್‌ಪಿಯಲ್ಲಿ ಕೆಲವು ಎಂಬಿ ಇಟ್ಟು, ದೊಡ್ಡ ಮೂಟೆಯನ್ನು ಲಿನಕ್ಸ್ ಪಾರ್ಟಿಷನ್ನಿನಲ್ಲೇ ಬಿಡುತ್ತದೆ. ವಿಂಡೋಸ್‌ನ ಇಎಸ್‌ಪಿ ಎಂಬ ಬಾಡಿಗೆ ಮನೆಗೆ ಹೊಂದುವುದು ಅದೇ.

• ವಿಂಡೋಸ್‌ನ ಸ್ವಂತ ಬೂಟ್ ಮ್ಯಾನೇಜರಿಗೆ ಲಿನಕ್ಸ್ ಸೇರಿಸಲು ಹೋಗಬೇಡ. ಈಸಿಬಿಸಿಡಿಯಂಥವು ಬಯಾಸ್ ಕಾಲದಲ್ಲಿ ಬಹಳ ಉಪಕಾರ ಮಾಡಿದವು. ನಿನ್ನ ಮಷೀನಿಗೆ ಅದರ ಅಗತ್ಯ ಇಲ್ಲ.

• ಪಾರ್ಟಿಷನ್ ಮುಟ್ಟುವ ಮೊದಲು ಬಿಟ್‌ಲಾಕರ್ ನೋಡು. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೋ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ನಿನ್ನನ್ನು ಕೇಳದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು. ಬೂಟ್ ಸರದಿಯೋ ಸೆಕ್ಯೂರ್ ಬೂಟೋ ಬದಲಾದರೆ ಅದು ಗುಮಾನಿಪಟ್ಟು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ನಿನ್ನ ಅಕೌಂಟಿನಲ್ಲಿರುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೋ, ಎರಡು ಸಲ ತಾಳೆ ನೋಡು. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ಫೈಲು ಮಾಡಿ ಇಡಬೇಡ ಮತ್ತೆ. ಹಾಗೆ ಇಟ್ಟ ಮಹಾನುಭಾವರನ್ನು ಕಂಡಿದ್ದೇನೆ.

• ಸೆಕ್ಯೂರ್ ಬೂಟ್ ಆಫ್ ಮಾಡು ಅನ್ನುವುದು ಎಲ್ಲರ ಮೊದಲ ಸಲಹೆ. ನನ್ನದಲ್ಲ. ಉಬುಂಟು, ಫೆಡೋರಾ ಎರಡೂ ಶಿಮ್ ಎಂಬ ಸಹಿಯಾದ ಸಣ್ಣ ತುಣುಕಿನ ಮೂಲಕ ಸೆಕ್ಯೂರ್ ಬೂಟ್ ಆನ್ ಇರುವಾಗಲೇ ಏಳುತ್ತವೆ. ಹಾಗಂತ ಯಾವಾಗಲೂ ಸಲೀಸು ಅಂತಲೂ ಹೇಳಲಾರೆ. 2020ರಲ್ಲಿ ಗ್ರಬ್‌ನಲ್ಲೇ ಬೂಟ್‌ಹೋಲ್ ಎಂಬ ದೊಡ್ಡ ತೂತು ಸಿಕ್ಕಿತು. ಆಮೇಲೆ ಹಳೆಯ, ತೂತಿರುವ ಬೂಟ್‌ಲೋಡರುಗಳನ್ನು ಒಳಗೆ ಬಿಡದಿರಲು ಎಸ್‌ಬ್ಯಾಟ್ ಎಂಬ ಪೀಳಿಗೆ ನಂಬರಿನ ಪದ್ಧತಿ ಬಂತು. 2024ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಈ ನಿಯಮವನ್ನು ಡ್ಯುಯಲ್ ಬೂಟ್ ಮಷೀನುಗಳಿಗೆ ಹೇರಬಾರದಿತ್ತು. ಕೆಲವನ್ನು ಗುರುತಿಸಲಾಗದೆ ಅವಕ್ಕೂ ಹೇರಿಬಿಟ್ಟಿತು. ಶಿಮ್‌ನ ಎಸ್‌ಬ್ಯಾಟ್ ಪರಿಶೀಲನೆ ವಿಫಲ ಅಂತ ಒಂದು ಸಾಲು ತೋರಿಸಿ ಮಷೀನು ಆಫ್. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆಫ್ ಮಾಡಿ ಲಿನಕ್ಸ್‌ಗೆ ಹೋಗಿ, ಆ ನಿಯಮ ಅಳಿಸಿ, ಮತ್ತೆ ಆನ್ ಮಾಡಿಕೊಂಡವರು ಪಾರಾದರು. ಬೂಟ್‌ಲೋಡರನ್ನು ಎಲ್ಲಿಂದಲೋ ಡೌನ್‌ಲೋಡ್ ಮಾಡದೆ ಡಿಸ್ಟ್ರೋದಿಂದಲೇ ತೆಗೆದುಕೋ ಅನ್ನುವುದು ಇದಕ್ಕೇ. ತೂತು ಸಿಕ್ಕರೆ ತೇಪೆ ಮನೆಗೇ ಬರುತ್ತದೆ.

• ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡು. ಶಟ್‌ಡೌನ್ ಮಾಡಿದೆ ಅಂತ ನೀನು ಅಂದುಕೊಂಡಿರುತ್ತೀಯ, ಅದು ಅರೆನಿದ್ದೆಯಲ್ಲಿರುತ್ತದೆ. ಉಬುಂಟುವಿನಿಂದ ಡಿ ಡ್ರೈವ್ ತೆರೆದರೆ ಬರೀ ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ.

• ಗಡಿಯಾರ ಐದೂವರೆ ಗಂಟೆ ಹಿಂದೆ ಓಡಿದರೆ ಬೂಟ್‌ಲೋಡರನ್ನು ಬೈಯಬೇಡ. ಮದರ್‌ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ ಅಂತ ತಿಳಿಯುತ್ತದೆ, ವಿಂಡೋಸ್ ನಮ್ಮೂರ ಸಮಯ ಅಂತ. ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನಿಂದ "ಲೋಕಲ್ ಆರ್‌ಟಿಸಿ"ಗೆ ಒಂದು ಅಂತ ಕೊಟ್ಟರೆ ಇಬ್ಬರೂ ರಾಜಿಯಾಗುತ್ತಾರೆ.

• ಉಬುಂಟು, ಕುಬುಂಟು ಎರಡನ್ನೂ ಒಂದೇ ಡಿಸ್ಕಿಗೆ ಹಾಕುವ ಹುಚ್ಚು ಬೇಡ. ಎರಡೂ ಇಎಸ್‌ಪಿಯಲ್ಲಿ ಉಬುಂಟು ಎಂಬ ಒಂದೇ ಫೋಲ್ಡರನ್ನು ಬಳಸುತ್ತವೆ, ಕಡೆಗೆ ಬಂದವರದೇ ರಾಜ್ಯ. ಉಬುಂಟು ಜೊತೆ ಫೆಡೋರಾ ಆದರೆ ಪರವಾಗಿಲ್ಲ. ಆಗಲೂ ಒಂದರ ಗ್ರಬ್‌ಗೆ ಯಜಮಾನಿಕೆ ಕೊಡು. ಇನ್ನೊಂದರಲ್ಲಿ ಕರ್ನಲ್ ಅಪ್‌ಡೇಟ್ ಆದಾಗ ಯಜಮಾನನ ಪಟ್ಟಿಯನ್ನು ನೀನೇ ಹೊಸದು ಮಾಡಿಸಬೇಕು.

• ಲಿನಕ್ಸ್ ಸಾಕು ಅನ್ನಿಸಿದರೆ ವಿಂಡೋಸ್‌ನಿಂದ ಆ ಪಾರ್ಟಿಷನ್ನನ್ನು ಏಕಾಏಕಿ ಡಿಲೀಟ್ ಹೊಡೆಯಬೇಡ. ಮೊದಲು ಬೂಟ್ ಸರದಿಯಲ್ಲಿ ವಿಂಡೋಸನ್ನು ಮೇಲಕ್ಕೆ ತಾ. ಇಲ್ಲದಿದ್ದರೆ ಮಾರನೇ ದಿನ "ಗ್ರಬ್" ಅಂತ ಒಂದು ಪದ ಮಿನುಗುತ್ತಾ ಕೂರುತ್ತದೆ, ಅಷ್ಟೇ. ಹಾಗೆ ಸಿಕ್ಕಿಕೊಂಡರೆ ಅಲ್ಲಿ "ಎಕ್ಸಿಟ್" ಅಂತ ಟೈಪಿಸಿ ಎಂಟರ್ ಒತ್ತಿ ನೋಡು. ಯುಇಎಫ್‌ಐ ಮಷೀನು ಸಾಮಾನ್ಯವಾಗಿ ಸರದಿಯಲ್ಲಿ ಮುಂದಿನವರನ್ನು, ಅಂದರೆ ವಿಂಡೋಸನ್ನು, ಕರೆಯುತ್ತದೆ.

ನಮ್ಮ ಬೀದಿಯ ಹುಡುಗನೊಬ್ಬನಿಗೆ ಹೀಗೇ ಆಯಿತು. ನನ್ನ ಹತ್ತಿರ ಬರಲು ಸಂಕೋಚ, ರಿಪೇರಿ ಅಂಗಡಿಗೆ ಹೋದ. ಅಂಗಡಿಯವನು ನೋಡಿ, "ಓಎಸ್ ಹೋಗಿದೆ, ಫಾರ್ಮ್ಯಾಟ್ ಹೊಡೀಬೇಕು" ಅಂದ. ಹೊಡೆದೂ ಬಿಟ್ಟ. ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ಫೋಟೋಗಳೆಲ್ಲ ಅದರಲ್ಲೇ ಇದ್ದವು. ನಾಲ್ಕಕ್ಷರ ಟೈಪಿಸಿದ್ದರೆ ಆಗುತ್ತಿದ್ದ ಕೆಲಸಕ್ಕೆ ದುಡ್ಡೂ ಹೋಯಿತು, ಅಜ್ಜಿಯ ಫೋಟೋನೂ ಹೋಯಿತು. ಬೂಟ್ ಆಗುತ್ತಿಲ್ಲ ಅಂದರೆ ಡೇಟಾ ಹೋಗಿದೆ ಅಂತ ಅರ್ಥವಲ್ಲ. ಲೈವ್ ಪೆನ್‌ಡ್ರೈವಿನಿಂದ ಎಬ್ಬಿಸಿ ಫೈಲುಗಳನ್ನು ಎತ್ತಿಕೊಳ್ಳುವ ತನಕ ಯಾರಿಗೂ ಮಷೀನು ಕೊಡಬೇಡ.

• ಡೆಸ್ಕ್‌ಟಾಪಿಗೆ ಎರಡನೇ ಡಿಸ್ಕ್ ಹಾಕುವ ಅವಕಾಶ ಇದ್ದರೆ ಅದಕ್ಕಿಂತ ಸುಖ ಇಲ್ಲ. ಲಿನಕ್ಸ್ ಹಾಕುವಾಗ ವಿಂಡೋಸ್ ಡಿಸ್ಕಿನ ಕೇಬಲ್ ಕಿತ್ತಿಡು. "ಬೂಟ್‌ಲೋಡರ್ ಎಲ್ಲಿ ಹಾಕಲಿ" ಅಂತ ಕೇಳಿ, ಉತ್ತರ ಕೇಳಿಸಿಕೊಳ್ಳದೆ ಮೊದಲ ಡಿಸ್ಕಿಗೇ ಹಾಕಿದ ಇನ್‌ಸ್ಟಾಲರುಗಳನ್ನು ನೋಡಿದ್ದೇನೆ.

• ನಿಮ್ಮಪ್ಪನ ಮಂಡಿಯಲ್ಲಿರುವ ಹಳೇ ಡೆಸ್ಕ್‌ಟಾಪಿನ ವಿಷಯ ಬೇರೆ. ಅದು ಬಯಾಸ್ ಕಾಲದ್ದು, ವಿಂಡೋಸ್ 11 ಏರುವುದಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟರ್‌ನೆಟ್ ಕೆಲಸಕ್ಕೆ ಲಿನಕ್ಸ್ ಇರಲಿ. ಕೊಬ್ಬರಿ ಲೆಕ್ಕದ ಟ್ಯಾಲಿ, ಸಂಘದ ಹಳೇ ನುಡಿ ಫಾಂಟಿನ ಕಾಗದಪತ್ರ ಇವಕ್ಕಾಗಿ ವಿಂಡೋಸ್ ಇರಬೇಕು. ಅಲ್ಲಿ ಗ್ರಬ್ ಬಿಟ್ಟು ಬೇರೆ ಯೋಚನೆಯೇ ಬೇಡ. ಮೆನುವಿನಲ್ಲಿ ವಿಂಡೋಸೇ ಡಿಫಾಲ್ಟ್ ಆಗಿರಲಿ, ಕಾಯುವ ಸಮಯ ಮೂವತ್ತು ಸೆಕೆಂಡು ಇಡು, ಅವನು ಕನ್ನಡಕ ಹುಡುಕಿ ಹಾಕಿಕೊಳ್ಳಬೇಕಲ್ಲ. ಹೊಸ ಪತ್ರ ಬರೆಯಲು ಲಿನಕ್ಸ್‌ನಲ್ಲೂ ಕಗಪ ಕೀಲಿಮಣೆ ಇದೆ, ಅವನ ಬೆರಳಿಗೆ ಅದೇ ಅಭ್ಯಾಸ. ಕರ್ನಲ್ ಅಪ್‌ಡೇಟನ್ನು ಮಾತ್ರ ಯುಪಿಎಸ್ ಬ್ಯಾಟರಿ ಸರಿಯಿದೆ ಅಂತ ನೋಡಿ ಮಾಡಿಸು. ಆ ಕಡೆ ಕರೆಂಟಿನ ಕಥೆ ನಿನಗೆ ಹೊಸದಲ್ಲ.

• ಒಂದು 16 ಜಿಬಿ ಪೆನ್‌ಡ್ರೈವಿಗೆ ವೆಂಟಾಯ್ ಹಾಕಿ, ಅದರಲ್ಲಿ ಉಬುಂಟು ಐಎಸ್‌ಒ, ಸೂಪರ್ ಗ್ರಬ್2 ಡಿಸ್ಕ್ ಎರಡನ್ನೂ ಕಾಪಿ ಮಾಡಿಟ್ಟುಕೋ. ಮಷೀನು ಚೆನ್ನಾಗಿರುವಾಗಲೇ ಒಂದು ಸಲ ಅದರಿಂದ ಎಬ್ಬಿಸಿ ನೋಡು. ಆಮೇಲೆ ಅದರಲ್ಲಿ ಸಿನಿಮಾ ತುಂಬಬೇಡ, ಯಾರಿಗೂ ಎರವಲು ಕೊಡಬೇಡ. ಲ್ಯಾಪ್‌ಟಾಪಿನ ಅಡಿಗೆ ಒಂದು ಚೀಟಿ ಅಂಟಿಸಿ ಬೂಟ್ ಮೆನು ಕೀ ಯಾವುದು ಅಂತ ಬರೆದಿಡು. ನನ್ನ ಮಷೀನಿನ ಅಡಿಯಲ್ಲೂ ಇದೆ, ಇಂಕು ಮಾಸಿ ಎಫ್ ಮಾತ್ರ ಉಳಿದಿದೆ. ಮುಂದಿನದು ಒಂಬತ್ತೋ ಹನ್ನೆರಡೋ ಅಂತ ಪ್ರತಿ ಸಲ ಎರಡನ್ನೂ ಒತ್ತುತ್ತೇನೆ.

ದಸರಾ ರಜೆಗೆ ಬರುವಾಗ ಲ್ಯಾಪ್‌ಟಾಪು ಚಾರ್ಜರು ಎರಡೂ ತಾ. ಪಾರ್ಟಿಷನ್ ಕುಗ್ಗಿಸುವುದನ್ನು ಜೊತೆಗೇ ಕೂತು ಮಾಡೋಣ. ಅಷ್ಟರೊಳಗೆ ಆ 48 ಅಂಕಿ ಬರೆದಿಟ್ಟಿರಬೇಕು, ಬಂದ ಕೂಡಲೇ ನೋಟ್‌ಬುಕ್ ತೋರಿಸು ಅಂತೀನಿ.